ಮಂಗಳೂರಿನಿಂದ ಲಕ್ಷದ್ವೀಪಕ್ಕೆ ಹಡಗು ಸಿಗುತ್ತಾ? ಅಲ್ಲಿಗೆ ಸಾಮಾನು ಹೇಗೆ ಹೋಗುತ್ತದೆ?

ಜನ ಹೋಗುವುದು ಮುಖ್ಯವಾಗಿ ಕೊಚ್ಚಿಯಿಂದ. ಎಂವಿ ಕವರತ್ತಿಯಂಥ ದೊಡ್ಡ ಹಡಗುಗಳು ಅಲ್ಲಿಂದಲೇ ಹೊರಡುತ್ತವೆ. ಯಾವ ದ್ವೀಪ ಎಂಬುದರ ಮೇಲೆ ಸುಮಾರು 14ರಿಂದ 20 ಗಂಟೆ ಹಿಡಿಯುತ್ತದೆ. 2024ರ ಮೇ ತಿಂಗಳಲ್ಲಿ 'ಪರಳಿ' ಎಂಬ ವೇಗದ ಹಡಗು ಲಕ್ಷದ್ವೀಪದಿಂದ ಸುಮಾರು 7 ಗಂಟೆಯಲ್ಲಿ ಮಂಗಳೂರಿಗೆ ಬಂದಿತ್ತು. ಆದರೆ ಅದನ್ನೇ ನಂಬಿ ಪ್ರವಾಸ ಗೊತ್ತುಮಾಡಬೇಡಿ, ಮೊದಲು ವಿಚಾರಿಸಿ. ಪರ್ಮಿಟ್ ಕೂಡ ಬೇಕು, ಸುಮ್ನೆ ಹೋಗಿ ಇಳಿಯೋಕಾಗಲ್ಲ.

ಸಾಮಾನಿನ ಕಥೆಯೇ ಬೇರೆ. ಅದರಲ್ಲಿ ಮಂಗಳೂರಿನ ಹಳೆ ಬಂದರಿಗೆ ದೊಡ್ಡ ಪಾಲಿದೆ. ಅಲ್ಲಿನ ದಕ್ಕೆಯಲ್ಲಿ, ಅಂದರೆ ಹಡಗು ನಿಲ್ಲುವ ಕಟ್ಟೆಯಲ್ಲಿ, ಕಟ್ಟಿಹಾಕಿರುವ ಮರದ ಹಡಗುಗಳನ್ನು ನೋಡಿರಬಹುದು, ಅವೇ ಮಂಜಿಗಳು. ಈಗ ಹಾಯಿಯಲ್ಲ, ಎಂಜಿನ್ನೇ ನಡೆಸೋದು. ಅಕ್ಕಿ, ತರಕಾರಿ, ಸಿಮೆಂಟ್, ಜಲ್ಲಿ ಎಲ್ಲ ಇವುಗಳಲ್ಲೇ ಹೋಗುತ್ತದೆ. ದ್ವೀಪದಲ್ಲಿ ಹವಳದ ಮರಳು, ತೆಂಗು ಬಿಟ್ಟರೆ ಹೆಚ್ಚೇನಿದೆ? ಮನೆ ಕಟ್ಟುವ ಕಲ್ಲೂ ಸಮುದ್ರ ದಾಟಿಯೇ ಬರಬೇಕು. ಅಲ್ಲಿಂದ ಈಚೆಗೆ ಕೊಬ್ಬರಿ, ತೆಂಗಿನಕಾಯಿ, ಒಣಮೀನು.

ಮಳೆಗಾಲದಲ್ಲಿ ಕಡಲು ಜೋರಾಗಿರುವುದರಿಂದ ಮಂಜಿಗಳಿಗೆ ರಜೆ. ಅದಕ್ಕೇ ದ್ವೀಪದವರು ಮುಂಚೆಯೇ ಅಕ್ಕಿ ಬೇಳೆ ಕೂಡಿಟ್ಟುಕೊಳ್ಳುತ್ತಾರೆ. ಇನ್ನೊಂದು ತೊಡಕು, ಲಗೂನು, ಅಂದರೆ ದ್ವೀಪಕ್ಕೂ ಹವಳದ ದಿಬ್ಬಕ್ಕೂ ನಡುವಿನ ನೀರು, ಆಳವಿಲ್ಲ. ದೊಡ್ಡ ಹಡಗು ಹವಳದ ದಿಬ್ಬದ ಹೊರಗೇ ಲಂಗರು ಹಾಕಿ, ಜನರನ್ನು ಸಣ್ಣ ದೋಣಿಗೆ ಇಳಿಸುವುದುಂಟು. ಅಲೆ ಜಾಸ್ತಿ ಇದ್ದರೆ ಆ ಇಳಿಯೋದೇ ದೊಡ್ಡ ಸಾಹಸ!

ಅಂದಹಾಗೆ, ಈ ನಂಟು ಹೊಸದಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್ ದ್ವೀಪಗಳು 1956ರವರೆಗೂ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು.