ಅಮೆರಿಕದ ಪೊಕಹಾಂಟಸ್ ಕೌಂಟಿಯಲ್ಲಿ ನಿಜಕ್ಕೂ ಮೊಬೈಲ್ ಇಲ್ವಾ? ಅಲ್ಲಿ ಜನ ಹೇಗೆ ಬದುಕುತ್ತಾರೆ?

ಕೌಂಟಿಯ ಬಹುಭಾಗದಲ್ಲಿ ಸಿಗ್ನಲ್ ಸಿಗುವುದಿಲ್ಲ, ನಿಜ. ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ. ಪೊಕಹಾಂಟಸ್ ಇರುವುದು ವೆಸ್ಟ್ ವರ್ಜೀನಿಯಾ ರಾಜ್ಯದ ಬೆಟ್ಟಗಳ ನಡುವೆ. 2020ರ ಜನಗಣತಿಯಲ್ಲಿ ಇಡೀ ಕೌಂಟಿಗೆ 8,000 ಜನರೂ ಇರಲಿಲ್ಲ.

ಸಿಗ್ನಲ್ ಇಲ್ಲದಿರಲು ಬೆಟ್ಟಗಳೂ ಕಾರಣ, ಗ್ರೀನ್ ಬ್ಯಾಂಕ್ ಊರಿನ ರೇಡಿಯೋ ದೂರದರ್ಶಕವೂ (ಟೆಲಿಸ್ಕೋಪ್) ಕಾರಣ. ಅದರ ತಟ್ಟೆಯೇ ಸುಮಾರು 100 ಮೀಟರ್ ಅಗಲ. ಅದು ಹಿಡಿಯುವ, ಆಕಾಶದಿಂದ ಬರುವ ರೇಡಿಯೋ ಅಲೆಗಳು ತೀರಾ ಕ್ಷೀಣ. ಪಕ್ಕದಲ್ಲೊಂದು ವೈಫೈ ಇದ್ದರೂ ಅವು ಮುಳುಗಿಹೋಗುತ್ತವೆ. ಅದಕ್ಕೇ 1958ರಲ್ಲಿ ಸುತ್ತಲಿನ ಸುಮಾರು 34,000 ಚದರ ಕಿ.ಮೀ. ಜಾಗವನ್ನು ರೇಡಿಯೋ ನಿಶ್ಶಬ್ದ ವಲಯ, ಅಂದರೆ ರೇಡಿಯೋ ಅಲೆ ಹೊರಡಿಸುವುದಕ್ಕೆ ಕಡಿವಾಣ ಇರುವ ಜಾಗ, ಮಾಡಿದರು. ದೂರದರ್ಶಕದ ಹತ್ತಿರ ಪೆಟ್ರೋಲ್ ಗಾಡಿಯನ್ನೂ ಬಿಡುವುದಿಲ್ಲ, ಸ್ಪಾರ್ಕ್ ಪ್ಲಗ್ಗಿನ ಕಿಡಿ ಸಾಕು ಗಲಾಟೆಗೆ! ಅಲ್ಲಿ ಓಡುವುದು ಡೀಸೆಲ್ ಗಾಡಿಗಳು.

ಹಾಗಂತ ಇಂಟರ್ನೆಟ್ಟೇ ಇಲ್ಲ ಅಂದುಕೊಳ್ಳಬೇಡಿ. ತಂತಿಯಲ್ಲಿ ಬರುವುದಕ್ಕೆ ಅಡ್ಡಿಯಿಲ್ಲ. ಲ್ಯಾಂಡ್‌ಲೈನ್ ಇನ್ನೂ ಕೆಲಸಕ್ಕೆ ಬರುತ್ತದೆ. ವೈಫೈನಿಂದ ಕಾಯಿಲೆ ಬರುತ್ತದೆ ಎಂದು ನಂಬಿ ಇಲ್ಲಿಗೆ ವಲಸೆ ಬಂದವರೂ ಇದ್ದಾರೆ. ವಿಜ್ಞಾನ ಅದನ್ನು ಒಪ್ಪಿಲ್ಲ, ಅದು ಬೇರೆ ಮಾತು.

ಮರ ಕಡಿಯುವುದು ಹಳೆಯ ಕಸುಬು. ಆಗ ದಿಮ್ಮಿ ಸಾಗಿಸುತ್ತಿದ್ದ ಕ್ಯಾಸ್ ಊರಿನ ಉಗಿಬಂಡಿ ಈಗ ಪ್ರವಾಸಿಗರನ್ನು ಹೊರುತ್ತದೆ. ಚಳಿಗಾಲದಲ್ಲಿ ಸ್ನೋಶೂ ಬೆಟ್ಟಕ್ಕೆ ಸ್ಕೀ ಆಡುವವರು ಬರುತ್ತಾರೆ. ನನ್ನ ಲೆಕ್ಕದಲ್ಲಿ ಅಲ್ಲಿ ಫೋನಿಗಿಂತ ದೊಡ್ಡ ತಾಪತ್ರಯ ದೂರದ್ದು. ಹಿಮ ಬಿದ್ದ ದಿನ ಅಂಕುಡೊಂಕು ದಾರಿಯಲ್ಲಿ ಸ್ವಂತ ಗಾಡಿ ಇಲ್ಲದೆ ಏನೂ ನಡೆಯುವುದಿಲ್ಲ. ಹೋಗುವುದಾದರೆ ನಕ್ಷೆಯನ್ನು ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ.