'ನಿಲ್ಲಿಸು' ಒತ್ತಿದರೂ ನಿಲ್ಲದ ಸ್ಕ್ರಿಪ್ಟ್

ಪ್ರಶ್ನೆ: ಇಲ್ಲಿನ ಎಪಿಎಂಸಿಯ ಮೆಕ್ಕೆಜೋಳದ ದಲಾಲಿ ಅಂಗಡಿಗಳಿಗೆ ಪೈಥಾನ್‌ನಲ್ಲಿ ಡೆಸ್ಕ್‌ಟಾಪ್ ತಂತ್ರಾಂಶ ಮಾಡಿಕೊಟ್ಟಿದ್ದೇನೆ. ತೇವಾಂಶದ ಕಡಿತ, ಹಮಾಲಿ ಲೆಕ್ಕಕ್ಕೆ ಅಂಗಡಿಯವರೇ ಸಣ್ಣ ಸ್ಕ್ರಿಪ್ಟ್ ಬರೆದುಕೊಳ್ಳುತ್ತಾರೆ. ಅದು ಬೇರೆ ಥ್ರೆಡ್‌ನಲ್ಲಿ (ಅದೇ ತಂತ್ರಾಂಶದೊಳಗೆ ಜೊತೆಯಲ್ಲೇ ನಡೆಯುವ ಕೆಲಸದ ಎಳೆ) ಓಡುತ್ತದೆ. ಒಬ್ಬರ ಸ್ಕ್ರಿಪ್ಟ್ ಕೊನೆಯಿಲ್ಲದ ಲೂಪ್‌ಗೆ ಬಿತ್ತು, 'ನಿಲ್ಲಿಸು' ಒತ್ತಿದರೂ ನಿಲ್ಲಲಿಲ್ಲ. ಥ್ರೆಡ್ಡನ್ನು ಬಲವಂತವಾಗಿ ಕೊನೆಗೊಳಿಸುವ ವಿಂಡೋಸ್‌ನ ಟರ್ಮಿನೇಟ್‌ಥ್ರೆಡ್ ಬಳಸಲೇ?
— ಓದುಗರು, ದಾವಣಗೆರೆ

ಉತ್ತರ: ದಯವಿಟ್ಟು ಬೇಡ. ಗೋದಾಮಿನ ಕೀಲಿಕೈ ಜೇಬಿನಲ್ಲಿರುವವನನ್ನು ಹಾಗೇ ಎಳೆದೊಯ್ದರೆ ಉಳಿದವರೆಲ್ಲ ಬಾಗಿಲ ಮುಂದೆ ನಿಲ್ಲಬೇಕಾಗುತ್ತದೆ. ಟರ್ಮಿನೇಟ್‌ಥ್ರೆಡ್ ಮಾಡುವುದೂ ಅದನ್ನೇ: ಥ್ರೆಡ್ ಹೋಗುತ್ತದೆ, ಅದು ಹಿಡಿದಿದ್ದ ಲಾಕ್ ಬಿಡುಗಡೆಯಾಗುವುದಿಲ್ಲ. ಲೂಪ್‌ನಲ್ಲಿ ಸುತ್ತುತ್ತಿರುವ ಪೈಥಾನ್ ಥ್ರೆಡ್ ಆ ಗಳಿಗೆಯಲ್ಲಿ ಜಿಐಎಲ್ (ಒಂದು ಹೊತ್ತಿಗೆ ಒಂದೇ ಥ್ರೆಡ್‌ಗೆ ಪೈಥಾನ್ ಕೋಡ್ ಓಡಿಸಲು ಬಿಡುವ ಲಾಕ್) ಹಿಡಿದಿದ್ದರೆ ನಿಮ್ಮ ಇಡೀ ತಂತ್ರಾಂಶವೇ ಸ್ತಬ್ಧ. ಜಾವಾ ಎಂಬ ಇನ್ನೊಂದು ಭಾಷೆಯವರು ಥ್ರೆಡ್ ನಿಲ್ಲಿಸುವ ಇಂಥದೇ ಸೌಲಭ್ಯವನ್ನು ಬಳಸಬೇಡಿ ಎಂದು 1998ರಲ್ಲೇ ಹೇಳಿದರು. ಜಾವಾ 20ರಿಂದ ಅದು ಕೆಲಸವನ್ನೇ ಮಾಡುವುದಿಲ್ಲ.

'ನಿಲ್ಲು' ಎಂಬ ಫ್ಲಾಗ್ (ಗುರುತು) ಇಟ್ಟು ಆಗಾಗ ನೋಡಿಕೊಳ್ಳುವ ಕ್ರಮ ನಿಮ್ಮದೇ ಕೋಡ್‌ಗೆ ಸರಿ. ಅಂಗಡಿಯವರು ಬರೆದ ಲೂಪ್ ಅದನ್ನು ನೋಡುವುದೇ ಇಲ್ಲವಲ್ಲ! ಸಿ ಭಾಷೆಯ ಕೋಡನ್ನು ಪೈಥಾನ್‌ನಿಂದ ಕರೆಯುವ ಸಿಟೈಪ್ಸ್ ಮೂಲಕ ಆ ಥ್ರೆಡ್‌ನೊಳಗೆ ಎಕ್ಸೆಪ್ಶನ್ (ದೋಷದ ಸೂಚನೆ) ಎಬ್ಬಿಸಬಹುದು. ಬರೀ ಪೈಥಾನ್ ಲೂಪ್ ಆಗಿದ್ದರೆ ಸಾಮಾನ್ಯವಾಗಿ ನಿಲ್ಲುತ್ತದೆ. ಆದರೆ ಸ್ಲೀಪ್‌ನಲ್ಲೋ ಸಿ ಲೈಬ್ರರಿಯೊಳಗೋ ಕಾಯುತ್ತಿರುವಾಗ ಅದು ತಲುಪುವುದಿಲ್ಲ. ಸ್ಕ್ರಿಪ್ಟ್‌ನಲ್ಲಿ ಎಲ್ಲ ದೋಷವನ್ನೂ ಹಿಡಿಯುವ 'ಎಕ್ಸೆಪ್ಟ್' ಇದ್ದರೆ ಅಲ್ಲೇ ಕರಗಿಹೋಗುತ್ತದೆ.

ನನ್ನ ಸಲಹೆ ಒಂದೇ: ಸ್ಕ್ರಿಪ್ಟನ್ನು ಪ್ರತ್ಯೇಕ ಪ್ರೋಸೆಸ್‌ನಲ್ಲಿ, ಅಂದರೆ ತನ್ನದೇ ಮೆಮೊರಿಯಿರುವ ಬೇರೆ ಪ್ರೋಗ್ರಾಂ ಆಗಿ ಓಡಿಸಿ. ಪೈಥಾನ್‌ನ ಮಲ್ಟಿಪ್ರೋಸೆಸಿಂಗ್ ಮಾಡ್ಯೂಲ್ ಸಾಕು. ಗಡುವು ಮೀರಿದರೆ ಟರ್ಮಿನೇಟ್ ಮಾಡಿ; ಅದರ ಮೆಮೊರಿಯನ್ನೂ ತೆರೆದ ಫೈಲ್‌ಗಳ ಹಿಡಿತವನ್ನೂ ವಿಂಡೋಸ್ ತಾನೇ ವಾಪಸ್ ಪಡೆಯುತ್ತದೆ. ಹೊಸ ಪ್ರೋಸೆಸ್ ಶುರುವಾಗಲು ಕೊಂಚ ಹೊತ್ತು ಹಿಡಿಯುತ್ತದೆ, ಆ ಬೆಲೆ ಕೊಡಬಹುದು.

ಎರಡು ಕಡೆ ಎಚ್ಚರ ಬೇಕು. ಟರ್ಮಿನೇಟ್ ಆದ ಪ್ರೋಸೆಸ್‌ನಲ್ಲಿ ಕೊನೆಯಲ್ಲಿ ಎಲ್ಲ ಅಚ್ಚುಕಟ್ಟು ಮಾಡುವ 'ಫೈನಲಿ' ಭಾಗ ಓಡುವುದಿಲ್ಲ, ಅರ್ಧ ಬರೆದ ಫೈಲ್ ಅರ್ಧವೇ ಉಳಿಯುತ್ತದೆ. ಹಾಗಾಗಿ ಡೇಟಾಬೇಸನ್ನು ಅದರ ಕೈಗೆ ಕೊಡಲೇಬೇಡಿ. ತೂಕ, ತೇವಾಂಶ, ದರ ಕಳಿಸಿ. ಬಂದ ಮೊತ್ತವನ್ನು ಪರಿಶೀಲಿಸಿ ಮುಖ್ಯ ತಂತ್ರಾಂಶವೇ ಬರೆದುಕೊಳ್ಳಲಿ. ರೈತರ ಲೆಕ್ಕದ ಪಟ್ಟಿ ಅರೆಬರೆ ಆಗಬಾರದು. ಇನ್ನೊಂದು, ಎರಡು ಪ್ರೋಸೆಸ್‌ಗಳ ನಡುವೆ ಮಾಹಿತಿ ಸಾಗಿಸುವ ಪೈಪ್ ಅಥವಾ ಕ್ಯೂ ಮಧ್ಯದಲ್ಲಿ ಕಡಿದರೆ ಕೆಟ್ಟಿರಬಹುದು. ಪ್ರತಿ ಓಟಕ್ಕೂ ಹೊಸದು ತೆರೆಯಿರಿ.

ಪ್ರೋಸೆಸ್ ಶುರುವಾದೊಡನೆ ಪೈಥಾನ್‌ನ ಫಾಲ್ಟ್‌ಹ್ಯಾಂಡ್ಲರ್ ಮಾಡ್ಯೂಲ್‌ಗೆ ಗಡುವಿಗಿಂತ ತುಸು ಮೊದಲಿನ ಸಮಯ ಕೊಟ್ಟಿಡಿ. ಸ್ಕ್ರಿಪ್ಟ್ ಎಷ್ಟನೇ ಸಾಲಿನಲ್ಲಿ ಸಿಕ್ಕಿಕೊಂಡಿದೆ ಎಂದು ಅದು ಫೈಲ್‌ಗೆ ಬರೆಯುತ್ತದೆ. ಆ ಸಾಲಿನ ಸಂಖ್ಯೆಯನ್ನು ಅಂಗಡಿಯವರಿಗೆ ಕನ್ನಡದಲ್ಲೇ ತೋರಿಸಿ.