ಹಿನ್ನೀರಿನಲ್ಲಿ ಪಚ್ಚಿಲೆ ಕಟ್ಟಲು ಜಾಗ ಹುಡುಕುವುದು: ನಕ್ಷೆ ಕೆಲಸ ಎಲ್ಲಿಂದ ಶುರುಮಾಡಬೇಕು

ನಮ್ಮ ಈ ಗುಂಪಿನಲ್ಲಿ ಕುಮಟಾ ಕಡೆಯ ಸದಸ್ಯರು ಕೇಳಿದ್ದು ಇಷ್ಟು: ಊರಿನ ಸ್ವಸಹಾಯ ಸಂಘದ ಹೆಂಗಸರು ಮತ್ತು ಕೆಲವು ಹುಡುಗರು ಸೇರಿ ಅಘನಾಶಿನಿ ನದಿಯ ಹಿನ್ನೀರಿನಲ್ಲಿ ಪಚ್ಚಿಲೆ (ಹಸಿರು ಚಿಪ್ಪುಜೀವಿ) ಕಟ್ಟಬೇಕೆಂದಿದ್ದಾರೆ, ಅಂದರೆ ಕಂಬ ನೆಟ್ಟು ಇಳಿಬಿಟ್ಟ ಹಗ್ಗದಲ್ಲಿ ಬೆಳೆಸುವುದು; ಸಾಧ್ಯವಾದರೆ ಒಂದೆರಡು ಸೀಬಾಸ್ ಮೀನಿನ ಪಂಜರ ಕೂಡ. ಗೂಗಲ್ ಅರ್ಥ್‌ನಲ್ಲಿ ಖಾಲಿ ಕಂಡ ಜಾಗಕ್ಕೆ ಕೆಂಪು ಚೌಕ ಎಳೆದು ಚಿತ್ರ ಹಾಕಿ, ಮುಂದೇನು, ಯಾವ ಸಾಫ್ಟ್‌ವೇರ್, ಡ್ರೋನ್ ಬೇಕಾ ಅಂದಿದ್ದಾರೆ. ಕೆಳಗೆ ಒಬ್ಬರು ಸೋನಾರ್ ಕೊಳ್ಳಿ ಅಂದರು, ಇನ್ನೊಬ್ಬರು ಇನ್‌ಕಾಯಿಸ್‌ನ (ಕೇಂದ್ರ ಸರ್ಕಾರದ ಸಾಗರ ಮಾಹಿತಿ ಸಂಸ್ಥೆ) ಮೀನುವಲಯದ ನಕ್ಷೆ ನೋಡಿ ಅಂದರು.

ಡ್ರೋನೂ ಬೇಡ, ಸೋನಾರೂ ಬೇಡ. ಒಂದು ಆಂಡ್ರಾಯ್ಡ್ ಫೋನು, ಯಾರದಾದರೂ ಹಳೇ ಲ್ಯಾಪ್‌ಟಾಪು, ಗುರುತು ಕಟ್ಟಿದ ಹಗ್ಗ, ಒಂದು ಪಾತಿ ದೋಣಿ ಇದ್ದರೆ ಕೆಲಸ ಆಗುತ್ತದೆ. ಇನ್‌ಕಾಯಿಸ್‌ನ ಮೀನುವಲಯ ಸೂಚನೆ ತೆರೆದ ಸಮುದ್ರಕ್ಕೆ ಹೋಗುವವರಿಗೆ. ನೀರಿನ ಮೇಲ್ಮೈ ಉಷ್ಣತೆ ಮತ್ತು ಹರಿತ್ತು ನೋಡಿ ಮೀನು ಸೇರುವ ಕಡೆ ಅಂದಾಜು ಹೇಳುತ್ತಾರೆ. ಅದರಿಂದ ಹಿನ್ನೀರಿನಲ್ಲಿ ಏನೂ ತಿಳಿಯದು. ಅವರದೇ ಅಲೆ, ಗಾಳಿಯ ಮುನ್ಸೂಚನೆ ಮಾತ್ರ ಅಳಿವೆಯ ಹತ್ತಿರ ಪಂಜರ ಇಡುವವರಿಗೆ ಉಪಯೋಗ.

ಇನ್ನು ಆ ಕೆಂಪು ಚೌಕ. ಅದನ್ನು ಅಳಿಸಿಬಿಡಿ. ಆ ನೀರು ಖಾಲಿ ಇಲ್ಲ, ಫೋಟೊ ತೆಗೆದ ಹೊತ್ತಿಗೆ ಅಲ್ಲಿ ಜನ ಇರಲಿಲ್ಲ, ಅಷ್ಟೇ. ಅಮಾಸೆ ಇಳಿತಕ್ಕೆ ಅದೇ ಜಾಗದಲ್ಲಿ ಬುಟ್ಟಿ ಹಿಡಿದು ಬಳಚು (ಕೆಸರಿನಲ್ಲಿ ಸಿಗುವ ಚಿಪ್ಪುಜೀವಿ) ಹೆಕ್ಕುವ ಹೆಂಗಸರು ಇರಬಹುದು. ಭರತ (ಉಬ್ಬರ) ಏರುವಾಗ ಬೀಸುಬಲೆಯವರು ಬರಬಹುದು. ತದಡಿ ಬಂದರಿಗೆ ಬೋಟು ಹೋಗಿಬರುವ ದಾರಿ, ಅಘನಾಶಿನಿ ಊರಿಗೂ ತದಡಿಗೂ ನಡುವೆ ದಾಟಿಸುವ ದೋಣಿಯ ದಾರಿ, ಗಜನಿಯ (ಉಪ್ಪುನೀರು ನುಗ್ಗುವ ತಗ್ಗು ಗದ್ದೆ) ಜಂತ್ರಡಿ ಬಾಗಿಲಿನಿಂದ ನೀರು ಹೊರಬೀಳುವ ಬಾಯಿ, ಇದ್ಯಾವುದೂ ಉಪಗ್ರಹಚಿತ್ರದಲ್ಲಿ ಬರುವುದಿಲ್ಲ. ಹಾಗಾಗಿ ಮೊದಲ ಪದರ ಜನರದ್ದು. ಆಳ, ಉಪ್ಪು, ಕಾನೂನು ಆಮೇಲೆ.

ಇದಕ್ಕೆ ನನಗೆ ಸರಿಬಂದ ಕ್ರಮ ಹೀಗೆ. ಗೂಗಲ್ ಅರ್ಥ್ ಪ್ರೊದಿಂದ ನಿಮ್ಮ ಭಾಗದ ಚಿತ್ರ ತೆಗೆದು, ಸೇತುವೆ, ದೇವಸ್ಥಾನ, ಧಕ್ಕೆ, ಕುರ್ವೆಗಳ (ನದಿ ನಡುವಿನ ದ್ವೀಪ) ಹೆಸರು ಹಾಕಿ, ಫ್ಲೆಕ್ಸ್ ಅಂಗಡಿಯಲ್ಲಿ ಎ1 ಅಳತೆಯ ಕಾಗದಕ್ಕೆ ಪ್ರಿಂಟ್ ಹಾಕಿಸಿ. ಮೇಲೆ ಟ್ರೇಸಿಂಗ್ ಹಾಳೆ ಅಂಟಿಸಿ, ಬಣ್ಣದ ಪೆನ್ನು ತಗೊಂಡು ಧಕ್ಕೆಗೆ ಹೋಗಿ. ಗಂಡಸರನ್ನೂ ಹೆಂಗಸರನ್ನೂ ಬೇರೆ ಬೇರೆ ಕೂರಿಸಿ. ಒಟ್ಟಿಗೆ ಕೂರಿಸಿದರೆ ಪೆನ್ನು ಗಂಡಸರ ಕೈಯಲ್ಲೇ ಉಳಿಯುತ್ತದೆ, ಬಲೆಯ ಜಾಗ ಎಲ್ಲ ಬರುತ್ತದೆ, ಬಳಚಿನ ಜಾಗ ಒಂದೂ ಬರುವುದಿಲ್ಲ. ಪ್ರತಿ ಗುರುತಿಗೂ ಮೂರು ವಿಷಯ ಬರೆದುಕೊಳ್ಳಿ: ಯಾವ ಕಸುಬು, ಯಾವ ತಿಂಗಳು, ಭರತದಲ್ಲೋ ಇಳಿತದಲ್ಲೋ. ಈ ಮೂರನೆಯದ್ದು ಬಿಟ್ಟರೆ ನಕ್ಷೆ ಅರ್ಧ. ಒಂದೇ ನೀರನ್ನು ಇಬ್ಬರು ಬೇರೆ ಬೇರೆ ಹೊತ್ತಿಗೆ ಬಳಸುತ್ತಿದ್ದರೆ ಜಗಳ ಇಲ್ಲ. ನಿಮ್ಮ ಕಂಬಗಳು ಮಾತ್ರ ಎರಡೂ ಹೊತ್ತು ಅಲ್ಲೇ ನಿಂತಿರುತ್ತವೆ.

ಆಮೇಲೆ ಅದನ್ನು ಕ್ಯೂಜಿಐಎಸ್‌ (ಪದರ ಪದರವಾಗಿ ನಕ್ಷೆ ಮಾಡುವ ಸಾಫ್ಟ್‌ವೇರ್) ಗೆ ಏರಿಸಿ. ಉಚಿತ, ನಿಮ್ಮ ಹುಡುಗರು ವಾರದಲ್ಲಿ ಕಲಿಯುತ್ತಾರೆ. ಫೋನಿಗೆ ಕ್ಯೂಫೀಲ್ಡ್ ಅಥವಾ ಎಸ್‌ಡಬ್ಲ್ಯು ಮ್ಯಾಪ್ಸ್, ಎರಡೂ ನೆಟ್‌ವರ್ಕ್ ಇಲ್ಲದೆ ನಡೆಯುತ್ತವೆ. ಕಾಗದದ ಮೇಲೆ ಗೀಚಿದ್ದನ್ನೇ ನಂಬಿ ಕೂರಬೇಡಿ. ಆಯಾ ಕಸುಬಿನವರನ್ನೇ ದೋಣಿಯಲ್ಲಿ ಕರೆದುಕೊಂಡು ಹೋಗಿ ಅಂಚಿನಲ್ಲಿ ಬಿಂದು ಹಾಕಿಸಿ. ಬಯಲಿನಲ್ಲಿ ಫೋನಿನ ಜಿಪಿಎಸ್ ಮೂರರಿಂದ ಐದು ಮೀಟರ್ ಆಚೀಚೆ ಹೇಳುತ್ತದೆ, ಈ ಕೆಲಸಕ್ಕೆ ಧಾರಾಳ. ಕ್ಯೂಜಿಐಎಸ್‌ನಲ್ಲಿ ಉದ್ದ, ಕ್ಷೇತ್ರಫಲ ಸರಿಯಾಗಿ ಬರಬೇಕಾದರೆ ಮೀಟರ್ ಲೆಕ್ಕದಲ್ಲಿ ಜಾಗ ಹೇಳುವ ಯುಟಿಎಂ ಪದ್ಧತಿಯ ವಲಯ 43 ಉತ್ತರ ಆರಿಸಿ, ಅದರ ಸಂಖ್ಯೆ 32643. ನಮ್ಮ ಕರಾವಳಿ ಪೂರ್ತಿ ಅದರೊಳಗೆ ಬರುತ್ತದೆ.

ಬೋಟಿನ ತಂಡೇಲರಿಂದ (ಬೋಟು ನಡೆಸುವವರಿಂದ) ಬಿಂದು ಬರೆದುಕೊಳ್ಳುವಾಗ ಒಂದು ಎಚ್ಚರ. ಅವರ ಜಿಪಿಎಸ್‌ನಲ್ಲಿ ಡಿಗ್ರಿ, ಆಮೇಲೆ ಮಿನಿಟು ಇರುತ್ತದೆ, ಗೂಗಲ್‌ನಲ್ಲಿ ಬರೀ ದಶಮಾಂಶ. 14 ಡಿಗ್ರಿ 30.5 ಮಿನಿಟ್ ಅಂದರೆ 14.305 ಅಲ್ಲ. 30.5ನ್ನು 60ರಿಂದ ಭಾಗಿಸಬೇಕು, 14.5083 ಆಗುತ್ತದೆ. ತಪ್ಪಿ 14.305 ಅಂತ ಹಾಕಿದರೆ ಬಿಂದು 22 ಕಿಲೋಮೀಟರ್ ತೆಂಕಕ್ಕೆ ಸರಿದು ಹೊನ್ನಾವರದ ನೇರಕ್ಕೆ ಬೀಳುತ್ತದೆ. ಇಷ್ಟು ದೂರ ಹೋದರೆ ಕಣ್ಣಿಗೆ ಬೀಳುತ್ತದೆ, ವಾಸಿ. 5.5 ಮಿನಿಟ್ಟನ್ನು 0.055 ಅಂತ ಬರೆದರೆ ನಾಲ್ಕು ಕಿಲೋಮೀಟರ್ ಮಾತ್ರ ಸರಿಯುತ್ತದೆ. ಪಕ್ಕದ ಊರಿನ ನೀರಿಗೇ ಬೀಳುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ.

ಆಳದ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಎಡವುವುದು ಇಲ್ಲೇ. ಗೂಗಲ್ ಅರ್ಥ್ ನೀರಿನ ಮೇಲೆ ತೋರಿಸುವ ಆಳ ನಮ್ಮ ಹಿನ್ನೀರಿಗೆ ಲೆಕ್ಕಕ್ಕೇ ಇಲ್ಲ, ಅದು ಸಾಗರಕ್ಕಾಗಿ ಮಾಡಿದ ಒರಟು ಅಂಕಿ. ನೀವೇ ಹಗ್ಗ ಬಿಟ್ಟು ಅಳೆಯಬೇಕು. ಆದರೆ ಹಗ್ಗ ಹೇಳುವುದು ಆ ಹೊತ್ತಿನ ಆಳ. ನಿಮಗೆ ಬೇಕಾದ್ದು ಅತಿ ಕಡಿಮೆ ಇಳಿತದಲ್ಲಿ ಎಷ್ಟು ನೀರು ಉಳಿಯುತ್ತದೆ ಅನ್ನುವುದು. ಕಾರವಾರ ಬಂದರಿನ ಉಬ್ಬರವಿಳಿತದ ಪಟ್ಟಿ ಸಿಗುತ್ತದೆ. ಆದರೆ ಅಳಿವೆಯಲ್ಲಿ ಏರಿದ ಭರತ ನದಿಯ ಒಳಭಾಗದ ಮಿರ್ಜಾನ, ದಿವಗಿ ಕಡೆ ಮುಟ್ಟುವಾಗ ತಡವಾಗಿರುತ್ತದೆ. ಅದಕ್ಕೇ ನಿಮ್ಮ ಧಕ್ಕೆಯ ಕಂಬಕ್ಕೆ ಬಣ್ಣದಲ್ಲಿ ಹತ್ತು ಹತ್ತು ಸೆಂಟಿಮೀಟರಿಗೆ ಗೆರೆ ಹಾಕಿ. ಅಮಾಸೆ ಅಥವಾ ಹುಣ್ಣಿಮೆಯ ಆಸುಪಾಸು ಅತಿ ಕೆಳಗೆ ನೀರು ಎಲ್ಲಿಗೆ ಇಳಿಯಿತು ಅಂತ ಬರೆದಿಡಿ. ಅದು 0.5 ಮೀಟರ್ ಅಂದುಕೊಳ್ಳಿ. ಆಳ ಅಳೆಯುವ ದಿನ ಒಬ್ಬರು ಕಂಬದ ಹತ್ತಿರವೇ ಕೂತು ಕಾಲು ಗಂಟೆಗೊಮ್ಮೆ ಅಂಕಿ ಬರೆಯಬೇಕು. 10.45ಕ್ಕೆ ಕಂಬ 1.7 ತೋರಿಸುತ್ತಿದೆ, ಅದೇ ಹೊತ್ತಿಗೆ ದೋಣಿಯಲ್ಲಿ ಹಗ್ಗ 2.6 ಮೀಟರ್ ಹೇಳಿತು. 1.7ರಿಂದ 0.5 ಕಳೆದರೆ 1.2. ಅದನ್ನು 2.6ರಿಂದ ಕಳೆದರೆ ಉಳಿದದ್ದು 1.4 ಮೀಟರ್. ನಿಮ್ಮ ಪಚ್ಚಿಲೆ ಹಗ್ಗ 1 ಮೀಟರ್ ಇಳಿಬಿಟ್ಟರೆ ಅಡಿಯಲ್ಲಿ ಒಂದಿಷ್ಟು ಜಾಗ ಉಳಿಯುತ್ತದೆ. ಹಗ್ಗದ ತುದಿ ಕೆಸರಿಗೆ ತಾಗಿದರೆ ಆ ಪಚ್ಚಿಲೆಯ ಆಸೆ ಬಿಡಿ, ಏಡಿಗೂ ದಾರಿ ಆಯಿತು. ಪಂಜರಕ್ಕೆ ಇನ್ನೂ ಆಳ ಬೇಕು, ಆದ್ದರಿಂದ ಎರಡಕ್ಕೂ ಒಂದೇ ಜಾಗ ಹುಡುಕಬೇಡಿ.

ಉಪಗ್ರಹಚಿತ್ರವನ್ನು ಬೈದೆ ಅಂತ ಬಿಡಬೇಡಿ, ಅದರ ಕೆಲಸ ಬೇರೆ ಇದೆ. ಸೆಂಟಿನೆಲ್-2 ಚಿತ್ರಗಳು ಕೊಪರ್ನಿಕಸ್ ಬ್ರೌಸರ್‌ನಲ್ಲಿ ಉಚಿತ, 10 ಮೀಟರಿಗೆ ಒಂದು ಚುಕ್ಕೆ, ಐದು ದಿನಕ್ಕೊಮ್ಮೆ ಹೊಸದು. ನಮ್ಮ ಕಡೆ ಅದು ಹಾಯುವುದು ಬೆಳಿಗ್ಗೆ ಹನ್ನೊಂದರ ಸುಮಾರಿಗೆ. ಉಬ್ಬರವಿಳಿತದ ಪಟ್ಟಿ ನೋಡಿ ಆ ಹೊತ್ತಿಗೆ ಇಳಿತ ಇದ್ದ ದಿನದ್ದೊಂದು, ಭರತ ಇದ್ದ ದಿನದ್ದೊಂದು ಚಿತ್ರ ಆರಿಸಿ, ಒಂದರ ಮೇಲೊಂದು ಇಡಿ. ನಡುವೆ ಬರುವ ಪಟ್ಟಿಯೇ ನೀರು ಮುಚ್ಚಿ ತೆರೆಯುವ ಹೊಯ್ಗೆದಿಬ್ಬ, ಕೆಸರುಬಯಲು. ಬಳಚಿನವರ ಬಿಂದುಗಳು ಬಹುತೇಕ ಅದರೊಳಗೇ ಬೀಳುತ್ತವೆ. ಮಳೆಗಾಲದ ಮುಂಚಿನದು, ಆಮೇಲಿನದು ಹೋಲಿಸಿದರೆ ದಿಬ್ಬ ಎಷ್ಟು ಸರಿಯಿತು ಎಂಬುದೂ ಗೊತ್ತಾಗುತ್ತದೆ. ಹೋದ ವರ್ಷದ ಆಳವನ್ನು ಈ ವರ್ಷಕ್ಕೆ ನಂಬಬೇಡಿ.

ಉಪ್ಪಿನಂಶ ಅಳೆಯಲು ರಿಫ್ರಾಕ್ಟೋಮೀಟರ್ ಒಂದು ಕೊಳ್ಳಿ, ಖರ್ಚು ಮಾಡುವುದಿದ್ದರೆ ಇದಕ್ಕೆ ಮಾಡಿ. ಅಘನಾಶಿನಿಗೆ ಮೇಲೆ ಎಲ್ಲೂ ದೊಡ್ಡ ಅಣೆಕಟ್ಟೆ ಇಲ್ಲ, ಶಿರಸಿ-ಸಿದ್ದಾಪುರದ ಘಟ್ಟದಲ್ಲಿ ಹೊಯ್ದ ಮಳೆ ಅಷ್ಟೂ ನೇರ ಇಲ್ಲಿಗೇ ಇಳಿಯುತ್ತದೆ. ಆ ಸಿಹಿನೀರಿನಲ್ಲಿ ಪಚ್ಚಿಲೆ ಉಳಿಯದು. ಅದಕ್ಕೇ ಬಿತ್ತನೆ ಮಳೆ ನಿಂತ ಮೇಲೆ, ಕೊಯ್ಲು ಮುಂದಿನ ಮಳೆಗೆ ಮುಂಚೆ. 20ರಿಂದ 35 ಪಿಪಿಟಿ (ಸಾವಿರ ಭಾಗ ನೀರಿಗೆ ಇಷ್ಟು ಭಾಗ ಉಪ್ಪು) ಇರುವ ಜಾಗ ಯಾವುದು, ಎಷ್ಟು ತಿಂಗಳು ಇರುತ್ತದೆ ಅಂತ ನಕ್ಷೆಯಲ್ಲಿ ತಿಂಗಳುವಾರು ಹಾಕಿ. ಮೇಲ್ಮೈ ನೀರೊಂದೇ ಅಲ್ಲ, ಒಂದು ಮೀಟರ್ ಕೆಳಗಿನದನ್ನೂ ನೋಡಿ. ಸಿಹಿನೀರು ಮೇಲೆ ತೇಲುತ್ತದೆ.

ಕಾನೂನಿನ ಪದರಕ್ಕೆ 2019ರ ಸಿಆರ್‌ಜೆಡ್ (ಕರಾವಳಿ ನಿಯಂತ್ರಣ ವಲಯ) ಅಧಿಸೂಚನೆಯ ಪ್ರಕಾರ ಮಾಡಿದ ನಕ್ಷೆ ಬೇಕು. ಕಾಂಡ್ಲಾ (ಮ್ಯಾಂಗ್ರೋವ್) ಕಾಡು 1ಎ, ಭರತ-ಇಳಿತದ ಗೆರೆಗಳ ನಡುವಿನದು 1ಬಿ, ಉಬ್ಬರ ಮುಟ್ಟುವ ನದಿನೀರು 4ಬಿ. 1,000 ಚದರ ಮೀಟರಿಗಿಂತ ದೊಡ್ಡ ಕಾಂಡ್ಲಾ ಇದ್ದರೆ ಸುತ್ತ 50 ಮೀಟರ್ ಬಿಡುವ ನಿಯಮ ಇದೆ, ಕ್ಯೂಜಿಐಎಸ್‌ನಲ್ಲಿ ಬಫರ್ ಹಾಕಿ ನೋಡಿಕೊಳ್ಳಿ. ಪಿಡಿಎಫ್ ನಕ್ಷೆಯ ಅಂಚಿನ ಅಕ್ಷಾಂಶ-ರೇಖಾಂಶ ಗೆರೆ ಹಿಡಿದು ಜಿಯೋರೆಫರೆನ್ಸ್ ಮಾಡಬಹುದು, ಅಂದರೆ ಚಿತ್ರವನ್ನು ಅದರ ಸರಿಯಾದ ಜಾಗಕ್ಕೆ ಕೂರಿಸಬಹುದು. ಆದರೆ 1:25,000ದ ನಕ್ಷೆಯಲ್ಲಿ ಒಂದು ಮಿಲಿಮೀಟರ್ ಅಂದರೆ ನೆಲದಲ್ಲಿ 25 ಮೀಟರ್, ಗೆರೆಯ ದಪ್ಪಕ್ಕೇ ಪಚ್ಚಿಲೆ ಹಗ್ಗ ಕಟ್ಟುವ ನಿಮ್ಮ ಒಂದು ಚಪ್ಪರ ಮುಚ್ಚಿಹೋಗುತ್ತದೆ. ಅಂಚಿನ ಜಾಗವಾದರೆ ಸರ್ವೆ ನಂಬರ್ ಮಟ್ಟದ ನಕ್ಷೆ ಕೇಳಿ. ದಡದ ಸರ್ವೆ ನಂಬರಿಗೆ ದಿಶಾಂಕ್ ಆ್ಯಪ್ ಸಾಕು. ಅದರ ಗಡಿಗೆರೆಯನ್ನೇ ಹಿಡಿದು ಯಾರ ಜತೆಗೂ ವಾದಕ್ಕೆ ಹೋಗಬೇಡಿ.

ಇದರ ಮೇಲೆ 2024ರಲ್ಲಿ ಅಘನಾಶಿನಿ ಅಳಿವೆ ರಾಮ್ಸಾರ್ ತಾಣವೂ (ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶ) ಆಗಿದೆ, 4,801 ಹೆಕ್ಟೇರ್. ಆದ್ದರಿಂದ ಮೀನುಗಾರಿಕೆ ಇಲಾಖೆಯನ್ನು ಕೊನೆಗೆ ಅಲ್ಲ, ಮೊದಲೇ ಕಾಣಿ. ಕಾರವಾರದ ಸಿಎಂಎಫ್‌ಆರ್‌ಐ (ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ) ಕೇಂದ್ರಕ್ಕೂ ಹೋಗಿ, ಪಂಜರ ಕೃಷಿಯಲ್ಲಿ ಪಳಗಿದವರು ಅಲ್ಲಿದ್ದಾರೆ. 2020ರಲ್ಲಿ ಶುರುವಾದ ಕೇಂದ್ರದ ಮತ್ಸ್ಯಸಂಪದ ಯೋಜನೆಯಲ್ಲಿ ಮಹಿಳೆಯರಿಗೆ ಘಟಕವೆಚ್ಚದ ಶೇ. 60, ಸಾಮಾನ್ಯರಿಗೆ ಶೇ. 40 ಸಹಾಯಧನ ಇಟ್ಟಿದ್ದರು, ಈಗಿನದನ್ನು ಇಲಾಖೆಯಲ್ಲಿ ಕೇಳಿ, ಅರ್ಜಿ ಯಾರ ಹೆಸರಲ್ಲಿ ಅನ್ನುವುದನ್ನು ಈಗಲೇ ಯೋಚಿಸಿ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಬಳಚು, ಕಲಗದ (ಬಂಡೆಗೆ ಅಂಟುವ ಚಿಪ್ಪುಜೀವಿ) ಜಾಗದ ಬಿಂದುಗಳನ್ನು ಈ ಗುಂಪಿನಲ್ಲಿ ಹಾಕಬೇಡಿ, ಗೂಗಲ್ ಮೈ ಮ್ಯಾಪ್ಸ್‌ನಲ್ಲಿ ಸಾರ್ವಜನಿಕವಾಗಿ ಬಿಡಬೇಡಿ. ಆ ಹೆಂಗಸರು ನಂಬಿ ತೋರಿಸಿದ್ದು, ಹೊಯ್ಗೆ ತೆಗೆಯುವವರಿಗೂ ಚಿಪ್ಪು ತುಂಬಿಕೊಂಡು ಹೋಗುವವರಿಗೂ ಅದೇ ದಾರಿಯಾಗುತ್ತದೆ. ಇಲಾಖೆಗೆ ಕೊಡುವ ನಕ್ಷೆಯಲ್ಲಿ ಈ ಭಾಗ ಬಳಕೆಯಲ್ಲಿದೆ ಅಂತ ದೊಡ್ಡ ವಲಯವಾಗಿ ತೋರಿಸಿದರೆ ಸಾಕು. ಮೂಲ ಫೈಲು ಸಂಘದ ಹತ್ತಿರ ಇರಲಿ.

ಎಲ್ಲ ಪದರ ಇಟ್ಟ ಮೇಲೆ ನಿಮ್ಮ ಚೌಕದಲ್ಲಿ ಉಳಿಯುವುದು ಕಾಲುಭಾಗ ಇರಬಹುದು. 5 ಮೀಟರ್ ಚೌಕದ ಚಪ್ಪರಗಳನ್ನು ನಡುವೆ ದೋಣಿ ಹೋಗುವಷ್ಟು ಬಿಟ್ಟು ಅಲ್ಲಿ ಇಟ್ಟು ನೋಡಿ, ಆ ನಕ್ಷೆಯನ್ನು ಮತ್ತೆ ಧಕ್ಕೆಗೆ ಒಯ್ದು ಮೊದಲು ಗುರುತು ಹಾಕಿದವರಿಗೇ ತೋರಿಸಿ. ಮಳೆ ಮುಗಿದು ಬಂಡೆಯ ಮೇಲೆ ಪಚ್ಚಿಲೆ ಮರಿ ಕೂರುವ ಹೊತ್ತಿಗೆ ಇಷ್ಟು ಆಗಿರಬೇಕು. ಬಳಚಿನ ಪದರ ತೆಗೆದು ಉಳಿದದ್ದರ ಕೆಎಂಎಲ್ ಫೈಲ್ (ಗೂಗಲ್ ಅರ್ಥ್‌ನಲ್ಲಿ ತೆರೆಯುವ ನಕ್ಷೆಯ ಫೈಲ್) ನನಗೆ ಖಾಸಗಿಯಾಗಿ ಕಳಿಸಿ, ಆಳದ ಅಂಕಿಗಳ ಜತೆ ಕಂಬದ ಅಂಕಿಯೂ ಇರಲಿ, ನೋಡಿ ಹೇಳುತ್ತೇನೆ.